ಮಗುವಿಗೆ ನಿಲ್ಲದ ಭೇದಿ: ಗೋಧಿ ಬಿಡಿಸುವ ಮುನ್ನ ಪರೀಕ್ಷೆ ಅಗತ್ಯ

ಅಳ್ನಾವರ: ಚಿಕ್ಕ ಮಕ್ಕಳಲ್ಲಿ ಸೋಂಕಿನಿಂದ ಬರುವ ಭೇದಿ ಸಾಮಾನ್ಯವಾಗಿ ಒಂದು ವಾರದೊಳಗೆ ನಿಲ್ಲುತ್ತದೆ. ಅದು 14 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆಯು ಬೇರೆಯೇ ವರ್ಗಕ್ಕೆ ಸೇರಿಸುತ್ತದೆ. ಆಗ ಔಷಧಿ ಬದಲಿಸುವುದಕ್ಕಿಂತ ಕಾರಣ ಹುಡುಕುವುದು ಮುಖ್ಯ. ಹಲ್ಲು ಬರುತ್ತಿವೆ, ದೃಷ್ಟಿ ತಾಗಿದೆ ಎಂದು ಕಾಲ ಕಳೆದರೆ ಮಗುವಿನ ತೂಕ ಮತ್ತು ಬೆಳವಣಿಗೆ ಕುಂಠಿತವಾಗುತ್ತದೆ.

ಕಾರಣಗಳು ಹಲವು

ಸೋಂಕಿನ ನಂತರ ಕರುಳಿನ ಒಳಪದರಕ್ಕೆ ಹಾನಿಯಾಗಿ ಕೆಲಕಾಲ ಹಾಲಿನ ಸಕ್ಕರೆ ಜೀರ್ಣವಾಗದಿರಬಹುದು. ಆಕಳ ಹಾಲಿನ ಪ್ರೋಟೀನ್ ಕೆಲವು ಶಿಶುಗಳಿಗೆ ಒಗ್ಗುವುದಿಲ್ಲ. ಕಲುಷಿತ ನೀರಿನಿಂದ ಜಿಯಾರ್ಡಿಯಾ ಎಂಬ ಪರೋಪಜೀವಿ ಸೇರಬಹುದು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ನೀಡುವ ಒಂದೇ ಮಾತ್ರೆಗೆ ಅದು ಬಗ್ಗುವುದಿಲ್ಲ. ಮಲ ಪರೀಕ್ಷೆ ಮಾಡಿಸಿ ಚಿಕಿತ್ಸೆ ಪಡೆಯಬೇಕು. ತೀವ್ರ ಮಲಬದ್ಧತೆಯಿದ್ದಾಗ ಗಟ್ಟಿ ಮಲದ ಸುತ್ತ ನೀರಾದ ಮಲ ಸೋರಿ, ಅದೇ ಭೇದಿಯಂತೆ ಕಾಣುವುದೂ ಉಂಟು.

ಗೋಧಿಯ ಪ್ರಶ್ನೆ

ಗೋಧಿ ಮತ್ತು ಬಾರ್ಲಿಯಲ್ಲಿರುವ ಗ್ಲುಟೆನ್‌ಗೆ ದೇಹವೇ ಪ್ರತಿರೋಧ ಒಡ್ಡಿ ಸಣ್ಣ ಕರುಳನ್ನು ಹಾನಿಗೊಳಿಸುವ ಕಾಯಿಲೆ ಸೀಲಿಯಾಕ್. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಕುಂಠಿತ ಬೆಳವಣಿಗೆ ಇದರ ಲಕ್ಷಣಗಳು. ಇದಕ್ಕೆ ಗೋಧಿಯೇ ಕಾರಣವೆಂದು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕೆ 1950ರ ಡಾಕ್ಟರೇಟ್ ಪ್ರಬಂಧದಲ್ಲಿ ತೋರಿಸಿಕೊಟ್ಟರು.

ದೇಶದ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇದರ ಪ್ರತಿಕಾಯಗಳು ಉತ್ತರ ಭಾರತದಲ್ಲಿ ಶೇ 1.23 ಜನರಲ್ಲಿ ಕಂಡುಬಂದರೆ ದಕ್ಷಿಣದಲ್ಲಿ ಶೇ 0.10ರಷ್ಟು ಮಾತ್ರ. ಆದ್ದರಿಂದ ಧಾರವಾಡ ಜಿಲ್ಲೆಯ ಮಗುವಿನ ಭೇದಿಗೆ ಇದು ವಿರಳ ಕಾರಣ. ಆದರೆ ಚಪಾತಿ, ಗೋಧಿ ಹುಗ್ಗಿ, ಉಪ್ಪಿಟ್ಟು ನಿತ್ಯದ ಊಟದಲ್ಲಿರುವ ಭಾಗದಲ್ಲಿ ಅದನ್ನು ಸಂಪೂರ್ಣ ತಳ್ಳಿಹಾಕುವಂತೆಯೂ ಇಲ್ಲ.

ಅನುಮಾನವಿದ್ದರೆ ಮೊದಲು ರಕ್ತ ಪರೀಕ್ಷೆ. ಅಗತ್ಯಬಿದ್ದರೆ ಎಂಡೋಸ್ಕೋಪಿ ಮೂಲಕ ಕರುಳಿನ ತುಣುಕಿನ ಪರೀಕ್ಷೆ. ಅಲ್ಲಿಯವರೆಗೆ ಮಗು ಗೋಧಿ ತಿನ್ನುತ್ತಿರಬೇಕು. ಮೊದಲೇ ಬಿಡಿಸಿದರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣಿಸದೆ ಹೋಗಬಹುದು. ಖಚಿತಪಟ್ಟರೆ ಪಥ್ಯ ಜೀವನಪರ್ಯಂತ. ಜೋಳದ ರೊಟ್ಟಿ, ಅನ್ನ, ರಾಗಿ, ಸಜ್ಜೆ, ಗೋವಿನಜೋಳ ಸುರಕ್ಷಿತ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಹಿಟ್ಟು ಬೆರೆಯುತ್ತದೆ. ಅಂಗಡಿಯ ಇಂಗಿನಲ್ಲೂ ಗೋಧಿ ಹಿಟ್ಟು ಇರಬಹುದು.

ಎಲ್ಲಿ ತೋರಿಸಬೇಕು?

ಅಂಗನವಾಡಿಯಲ್ಲಿ ದಾಖಲಾಗುವ ತೂಕವೇ ಮೊದಲ ಸುಳಿವು. ತಾಯಿ ಕಾರ್ಡ್, ಹಿಂದಿನ ಔಷಧಿ ಚೀಟಿಗಳು ಹಾಗೂ ಒಂದು ವಾರದ ಆಹಾರ ಮತ್ತು ಮಲದ ವಿವರ ಬರೆದಿಟ್ಟ ಹಾಳೆಯೊಂದಿಗೆ ಪಾಲಕರು ಸ್ಥಳೀಯ ಸರ್ಕಾರಿ ಆಸ್ಪತ್ರೆಗೆ ಹೋಗುವುದು ಒಳಿತು. ಹೆಚ್ಚಿನ ತಪಾಸಣೆ ಬೇಕಾದರೆ ಧಾರವಾಡದ ಜಿಲ್ಲಾಸ್ಪತ್ರೆ, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಅಳ್ನಾವರ ಜಂಕ್ಷನ್‌ನಿಂದ ಎರಡೂ ಊರುಗಳಿಗೆ ರೈಲು ಸಂಪರ್ಕವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆಯ ಅವಕಾಶವಿದೆ.

ತಡ ಸಲ್ಲದು

ಮಲದಲ್ಲಿ ರಕ್ತ, ಹಸಿರು ವಾಂತಿ, ಮೂತ್ರ ಕಡಿಮೆಯಾಗುವುದು, ಕಣ್ಣು ಗುಳಿಬೀಳುವುದು, ಮಂಕು ಕವಿಯುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ದಾರಿಯಲ್ಲೂ ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಆದರೆ ಹಸಿರು ವಾಂತಿಯಿದ್ದರೆ, ಮಗು ನುಂಗಲಾರದಷ್ಟು ಮಂಕಾಗಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಓಆರ್‌ಎಸ್ ಜೊತೆಗೆ ಸತು ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಶಿಫಾರಸು ಮಾಡಿವೆ. ಪ್ರಮಾಣವನ್ನು ವೈದ್ಯರೇ ಹೇಳಬೇಕು. ಭೇದಿಯೆಂದು ಎದೆಹಾಲು ನಿಲ್ಲಿಸಬಾರದು, ಊಟ ತಪ್ಪಿಸಬಾರದು. ಹೊಟ್ಟೆಗೆ ಬರೆ ಹಾಕುವುದರಿಂದ ಯಾವ ಪ್ರಯೋಜನವೂ ಇಲ್ಲ. ಗಾಯಕ್ಕೆ ಸೋಂಕು ತಗುಲಿದರೆ ಮಗುವಿನ ಜೀವಕ್ಕೇ ಅಪಾಯ.