ಕೃತಕ ಜೀವದ ಚರಿತ್ರೆ: 77 ಅಕ್ಷರಗಳಿಂದ ಇಡೀ ಜೀನೋಮಿನವರೆಗೆ

2010ರ ಮೇ ತಿಂಗಳಲ್ಲಿ ಅಮೆರಿಕದ ಕ್ರೇಗ್ ವೆಂಟರ್ ಅವರ ತಂಡ, ಪ್ರಯೋಗಾಲಯದಲ್ಲಿ ಕಟ್ಟಿದ ಜೀನೋಮಿನ ಆಣತಿಯಂತೆ ಬದುಕುವ ಬ್ಯಾಕ್ಟೀರಿಯವೊಂದನ್ನು ಲೋಕದ ಮುಂದಿಟ್ಟಿತು. ಮನುಷ್ಯ ಜೀವವನ್ನೇ ಸೃಷ್ಟಿಸಿದ ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ಆ ಮಾತನ್ನು ಎಷ್ಟರಮಟ್ಟಿಗೆ ಒಪ್ಪಬಹುದು? ಇದನ್ನು ತೂಗಿ ನೋಡಲು ಹರಗೋವಿಂದ ಖೊರಾನಾ ಅವರಿಂದಲೇ ಆರಂಭಿಸಬೇಕು.

ಅವಿಭಜಿತ ಪಂಜಾಬಿನ ರಾಯಪುರ ಎಂಬ ಹಳ್ಳಿಯಲ್ಲಿ ಹುಟ್ಟಿದ ಖೊರಾನಾ, ಜೀವಸಂಕೇತವನ್ನು ಬಿಡಿಸಿದ ಕೆಲಸಕ್ಕಾಗಿ 1968ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡಿದ್ದರು. 1970ರಲ್ಲಿ ಅವರ ತಂಡ ಯೀಸ್ಟಿನ ಒಂದು ಜೀನನ್ನು ಸಂಪೂರ್ಣವಾಗಿ ರಾಸಾಯನಿಕ ವಿಧಾನದಲ್ಲಿ ಕಟ್ಟಿತು. ಅದರ ಉದ್ದ ಕೇವಲ 77 ಪ್ರತ್ಯಾಮ್ಲ ಜೋಡಿ, ಅಂದರೆ ಜೀವಲಿಪಿಯ 77 ಅಕ್ಷರ. ಡಿಎನ್‌ಎಯ ಚಿಕ್ಕ ತುಂಡುಗಳನ್ನು ಒಂದೊಂದಾಗಿ ತಯಾರಿಸಿ, ಲೈಗೇಸ್ ಎಂಬ ಕಿಣ್ವದಿಂದ ಬೆಸೆದ ಈ ಕೆಲಸ ವರ್ಷಗಟ್ಟಲೆ ನಡೆದಿತ್ತು. 1976ರಲ್ಲಿ ಇದೇ ಗುಂಪು 207 ಜೋಡಿಗಳ ಇನ್ನೊಂದು ಜೀನನ್ನು, ಅದರ ಆರಂಭ ಮತ್ತು ಮುಕ್ತಾಯದ ಸೂಚನೆಗಳ ಸಮೇತ ಕಟ್ಟಿತು. ಬ್ಯಾಕ್ಟೀರಿಯದೊಳಗೆ ಸೇರಿಸಿದಾಗ ಆ ಜೀನು ಕೆಲಸ ಮಾಡಿತು. ಮನುಷ್ಯ ಬರೆದದ್ದನ್ನು ಜೀವಕೋಶ ಓದಬಲ್ಲದು ಎಂಬುದು ಆಗ ಖಚಿತವಾಯಿತು.

ಇದೇ ಕಾಲದಲ್ಲಿ ಇನ್ನೊಂದು ಧಾರೆಯೂ ಹರಿಯುತ್ತಿತ್ತು. 1972ರಲ್ಲಿ ಪಾಲ್ ಬರ್ಗ್, 1973ರಲ್ಲಿ ಸ್ಟಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬೋಯರ್ ಬೇರೆ ಬೇರೆ ಮೂಲಗಳ ಡಿಎನ್‌ಎಯನ್ನು ಕತ್ತರಿಸಿ ಜೋಡಿಸುವ ದಾರಿ ತೋರಿಸಿದರು. ಎರಡೂ ಧಾರೆಗಳು ಕೂಡಿದ್ದಕ್ಕೆ ಇನ್ಸುಲಿನ್ ಸಾಕ್ಷಿ. 1978ರಲ್ಲಿ ರಾಸಾಯನಿಕವಾಗಿ ಕಟ್ಟಿದ ಮಾನವ ಇನ್ಸುಲಿನ್ ಜೀನುಗಳನ್ನು ಬ್ಯಾಕ್ಟೀರಿಯಕ್ಕೆ ಸೇರಿಸಲಾಯಿತು. 1982ರಲ್ಲಿ ಆ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಮುಂದೆ ಬರಹ ಉದ್ದವಾಗುತ್ತ ಹೋಯಿತು. 2002ರಲ್ಲಿ ನ್ಯೂಯಾರ್ಕಿನ ಎಕಾರ್ಡ್ ವಿಮ್ಮರ್ ತಂಡ ಸುಮಾರು 7,500 ಅಕ್ಷರಗಳ ಪೋಲಿಯೊ ವೈರಸ್ಸನ್ನು, ಪ್ರಕಟವಾಗಿದ್ದ ಅನುಕ್ರಮವನ್ನು ನೋಡಿಯೇ ಮರಳಿ ಕಟ್ಟಿತು. 2008ರಲ್ಲಿ ವೆಂಟರ್ ತಂಡ ಮೈಕೋಪ್ಲಾಸ್ಮಾ ಜೆನಿಟಾಲಿಯಂ ಎಂಬ ಬ್ಯಾಕ್ಟೀರಿಯದ ಜೀನೋಮಿನ 5,82,970 ಜೋಡಿಗಳನ್ನು ಪೂರ್ಣಗೊಳಿಸಿತು. 2010ರ ಜೀನೋಮು ಸುಮಾರು 10.8 ಲಕ್ಷ ಜೋಡಿಗಳದು. ಡಿಎನ್‌ಎಎ ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿದ್ದರಿಂದ ಆ ಇಡೀ ಯೋಜನೆ ವಾರಗಟ್ಟಲೆ ನಿಂತಿತ್ತು.

ಸುದ್ದಿಯ ಅಬ್ಬರದಲ್ಲಿ ಮರೆಯಾದ ಸಂಗತಿಯೊಂದಿದೆ. 2010ರ ಈ ಜೀನೋಮನ್ನು ಇರಿಸಿದ್ದು ಅದಾಗಲೇ ಬದುಕಿದ್ದ, ಸಮೀಪದ ಇನ್ನೊಂದು ಪ್ರಭೇದದ ಕೋಶದಲ್ಲಿ. ಅದರ ಪೊರೆ, ರೈಬೋಸೋಮು, ಕಿಣ್ವಗಳೆಲ್ಲ ನಿಸರ್ಗದ ಕೊಡುಗೆ. ಜೀನೋಮಿನ ಅನುಕ್ರಮವೂ ಬಹುಪಾಲು ನಿಸರ್ಗದಲ್ಲಿದ್ದುದರ ನಕಲೇ. ಹಾಗಾಗಿ ಅದನ್ನು ಜೀವದ ಸೃಷ್ಟಿ ಎನ್ನುವುದಕ್ಕಿಂತ ಜೀವಲಿಪಿಯ ಮರುಬರಹ ಎನ್ನುವುದೇ ಸರಿ.

2016ರ ಪ್ರಯೋಗ ಈ ಮಾತನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ವೆಂಟರ್ ತಂಡ ಅನಗತ್ಯ ಜೀನುಗಳನ್ನು ತೆಗೆಯುತ್ತ ಹೋಗಿ 473 ಜೀನುಗಳ ಕೋಶವೊಂದನ್ನು ಉಳಿಸಿಕೊಂಡಿತು. ಅವುಗಳಲ್ಲಿ 149 ಜೀನುಗಳ ಕೆಲಸವೇನೆಂದು ಅದನ್ನು ಕಟ್ಟಿದವರಿಗೇ ತಿಳಿದಿರಲಿಲ್ಲ. 2019ರಲ್ಲಿ ಕೇಂಬ್ರಿಡ್ಜಿನ ಜೇಸನ್ ಚಿನ್ ತಂಡ ಇ. ಕೋಲಿ ಬ್ಯಾಕ್ಟೀರಿಯದ ಸುಮಾರು 40 ಲಕ್ಷ ಜೋಡಿಗಳನ್ನು ಮರುರಚಿಸಿ, ಜೀವಲಿಪಿಯ ಮೂರಕ್ಷರದ 64 ಸಂಕೇತಗಳ ಬದಲು 61ರಲ್ಲೇ ಅದು ಬದುಕುವಂತೆ ಮಾಡಿತು. ಬರೆಯುವ ಕೈ ಪಳಗುತ್ತಿದೆ, ಅರ್ಥ ಮಾಡಿಕೊಳ್ಳುವ ಕಣ್ಣು ಇನ್ನೂ ಹಿಂದಿದೆ.

ವಂಶವಾಹಿ ತಂತ್ರಜ್ಞಾನದ ಭವಿಷ್ಯ ಈ ಅಂತರದಲ್ಲೇ ಅಡಗಿದೆ. ಇನ್ಸುಲಿನ್ ಕೊಟ್ಟ ವಿದ್ಯೆಯೇ ಪೋಲಿಯೊ ವೈರಸ್ಸನ್ನೂ ಕಟ್ಟಿಕೊಟ್ಟಿತು. ಈ ವಿದ್ಯೆಯ ಅಪಾಯವನ್ನು ಮೊದಲೇ ಊಹಿಸಿ, 1975ರಲ್ಲಿ ಅಮೆರಿಕದ ಅಸಿಲೊಮಾರ್‌ನಲ್ಲಿ ನಡೆದ ಸಭೆಯಲ್ಲಿ ವಿಜ್ಞಾನಿಗಳು ತಮ್ಮ ಪ್ರಯೋಗಗಳಿಗೆ ತಾವೇ ಕಟ್ಟುಪಾಡು ವಿಧಿಸಿಕೊಂಡರು. 2024ರ ಡಿಸೆಂಬರಿನಲ್ಲಿ 38 ವಿಜ್ಞಾನಿಗಳು, ಅಣುಗಳ ಪ್ರತಿಬಿಂಬರೂಪದಿಂದ ಕಟ್ಟುವ ‘ಕನ್ನಡಿ ಜೀವ’ದ ಕೆಲಸಕ್ಕೆ ಕೈ ಹಾಕಬಾರದೆಂದು ಎಚ್ಚರಿಸಿದರು. ಅಪಾಯ ಎದುರಾಗುವ ಮೊದಲೇ ತಡೆದು ನಿಲ್ಲುವ ಈ ವಿವೇಕವನ್ನು ಪ್ರಯೋಗಾಲಯಗಳು ಮಾತ್ರವಲ್ಲ, ಸರ್ಕಾರಗಳೂ ಸಮಾಜವೂ ಕಲಿಯಬೇಕು. ಅರ್ಥವಾಗದ ಜೀನುಗಳು ಇರುವವರೆಗೂ ಬರೆಯುವವರಿಗೆ ವಿನಯ ಅಗತ್ಯ, ಓದುವ ನಮಗೆ ಎಚ್ಚರ ಅಗತ್ಯ.