ತಾಮ್ರದ ಚೊಂಬಿನಲ್ಲಿ ನಿಂಬೆ ನೀರು ಇಡಬಹುದೇ? ಪಾತ್ರೆ ತೊಳೆಯುವ ಸರಿಯಾದ ಕ್ರಮ ಯಾವುದು?

ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು, ಅದಕ್ಕೆ ನಿಂಬೆರಸ ಹಿಂಡಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಒಳ್ಳೆಯದು ಎಂಬ ಸಲಹೆ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದನ್ನು ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಕಪ್ಪಾದ ಚೊಂಬು ಹುಣಸೆಹಣ್ಣು ಹಚ್ಚಿದ ಕೂಡಲೇ ಕೆಂಪಗೆ ಹೊಳೆಯುವುದೇಕೆ? ಈ ಸಲಹೆ ಏಕೆ ತಪ್ಪು ಎಂಬುದಕ್ಕೆ ಉತ್ತರ ಅಲ್ಲೇ ಇದೆ.

ತಾಮ್ರ ಕಪ್ಪಾಗುವುದೇಕೆ?

ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಸೇರಿ ತಾಮ್ರದ ಮೇಲೆ ಆಕ್ಸೈಡ್‌ನ ತೆಳುವಾದ ಪದರ ಕಟ್ಟುತ್ತದೆ. ಕಂದು, ಕಪ್ಪು ಬಣ್ಣ ಬರುವುದು ಇದರಿಂದಲೇ. ತೇವ ಉಳಿದರೆ ಕ್ರಮೇಣ ಹಸಿರು ಕಿಲುಬು ಹಿಡಿಯುತ್ತದೆ. ಕಪ್ಪಾದ ಮಾತ್ರಕ್ಕೆ ಪಾತ್ರೆ ಹಾಳಾಯಿತು ಎಂದಲ್ಲ. ಆದರೆ ಒಳಭಾಗದಲ್ಲಿ ಕಿಲುಬು ಕಂಡರೆ ಅದನ್ನು ಪೂರ್ತಿ ತೆಗೆಯುವವರೆಗೆ ಅದರ ನೀರು ಕುಡಿಯಬೇಡಿ.

ಹುಣಸೆಹಣ್ಣು ಮಾಡುವ ಕೆಲಸ

ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ ಇದೆ. ಇವು ಆಕ್ಸೈಡ್ ಪದರವನ್ನು ಕರಗಿಸುತ್ತವೆ. ಉಪ್ಪು ಸೇರಿದರೆ ಕೆಲಸ ಇನ್ನೂ ಬೇಗ ಆಗುತ್ತದೆ. ಅಂದರೆ ಉಜ್ಜಿ ತೊಳೆದ ನೀರಿನಲ್ಲಿ ಇರುವುದು ಕರಗಿದ ತಾಮ್ರ. ಚೊಂಬಿನಲ್ಲಿ ನಿಂಬೆ ನೀರು ಇಟ್ಟಾಗ ಆಗುವುದೂ ಇದೇ. ವ್ಯತ್ಯಾಸ ಇಷ್ಟೇ: ಆ ನೀರನ್ನು ಚೆಲ್ಲುತ್ತೇವೆ, ಈ ನೀರನ್ನು ಕುಡಿಯುತ್ತೇವೆ! ಹೆಚ್ಚು ತಾಮ್ರ ಹೊಟ್ಟೆ ಸೇರಿದರೆ ವಾಕರಿಕೆ, ವಾಂತಿ, ಹೊಟ್ಟೆನೋವು, ಭೇದಿ ಆಗಬಹುದು.

ಮಜ್ಜಿಗೆ, ಹುಳಿ, ಹಣ್ಣಿನ ರಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಡುಗೆಯ ತಾಮ್ರದ ಪಾತ್ರೆಗಳ ಒಳಗೆ ತವರದ ಕಲಾಯಿ ಹಾಕಿಸುತ್ತಿದ್ದುದು ಈ ಕಾರಣಕ್ಕೇ.

ಬರೀ ನೀರು ಇಡಬಹುದೇ?

ಇಡಬಹುದು. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಕಾರಕ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ನಾಶವಾಗಿದ್ದವು. ನೀರಿಗೆ ಸೇರಿದ ತಾಮ್ರ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 2 ಮಿಲಿಗ್ರಾಂಗಿಂತ ಬಹಳ ಕಡಿಮೆ ಇತ್ತು. ಹಾಗೆಂದು ತಾಮ್ರದ ನೀರು ಎಲ್ಲ ಕಾಯಿಲೆಗೂ ಮದ್ದಲ್ಲ. ಕೋಲಾರ, ಪಾವಗಡದ ಕೊಳವೆಬಾವಿಗಳಲ್ಲಿ ಕಾಡುವ ಫ್ಲೋರೈಡ್ ಅನ್ನು ತಾಮ್ರದ ಬಿಂದಿಗೆ ತೆಗೆಯುವುದಿಲ್ಲ. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ ಇರುವವರು ತಾಮ್ರದ ಪಾತ್ರೆಯ ನೀರು ಕುಡಿಯಬಾರದು.

ತೊಳೆಯುವುದು ಹೇಗೆ?

1. ನೆನೆಸಿದ ಹುಣಸೆಹಣ್ಣು ಅಥವಾ ನಿಂಬೆ ಹೋಳಿಗೆ ಪುಡಿ ಉಪ್ಪು ಸೇರಿಸಿ ಮೆದುವಾಗಿ ಉಜ್ಜಿ. ಹೊಳಪು ಬಂದ ಕೂಡಲೇ ತೊಳೆಯಿರಿ. ಹುಳಿ ಹಚ್ಚಿ ರಾತ್ರಿಯಿಡೀ ಬಿಡಬೇಡಿ.

2. ಬಾಟಲಿಯ ಬಾಯಿ ಕಿರಿದಾಗಿದ್ದರೆ ನಿಂಬೆರಸ, ಉಪ್ಪು, ಸ್ವಲ್ಪ ನೀರು ಹಾಕಿ ಕುಲುಕಿ ಚೆಲ್ಲಿ. ಮುಚ್ಚಳದ ಒಳಭಾಗವನ್ನೂ ತೊಳೆಯಿರಿ.

3. ಹುಳಿಯ ಅಂಶ ಉಳಿಯದಂತೆ ಶುದ್ಧ ನೀರಿನಲ್ಲಿ ಎರಡು ಮೂರು ಬಾರಿ ತೊಳೆದು, ಒಣಬಟ್ಟೆಯಿಂದ ಒರೆಸಿ. ತೇವ ಉಳಿದರೆ ಮತ್ತೆ ಬೇಗ ಕಲೆ ಬೀಳುತ್ತದೆ.

4. ಸ್ಟೀಲ್ ನಾರು ಬೇಡ, ಗೀರು ಬೀಳುತ್ತದೆ. ಕಲಾಯಿ ಇರುವ ಪಾತ್ರೆಯ ಒಳಗೆ ಮೆತ್ತನೆಯ ಬಟ್ಟೆ, ಸೋಪು ಸಾಕು. ಕಲಾಯಿ ಸವೆದು ತಾಮ್ರ ಕಂಡರೆ ಮತ್ತೆ ಹಾಕಿಸುವವರೆಗೆ ಅದರಲ್ಲಿ ಅಡುಗೆ ಮಾಡಬೇಡಿ.

5. ವಾರ್ನಿಷ್ ಹಚ್ಚಿದ ಅಲಂಕಾರದ ವಸ್ತುಗಳಿಗೆ ಹುಳಿ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿದರೆ ಹೆಚ್ಚು ಹೊಳಪು ಬರುತ್ತದೆ ಎಂಬ ವಿಡಿಯೋಗಳೂ ಇವೆ. ನೊರೆ ಉಕ್ಕುವುದು ನಿಜ. ಆದರೆ ಸೋಡಾ ನಿಂಬೆಯ ಆಮ್ಲವನ್ನೇ ತಟಸ್ಥಗೊಳಿಸುವುದರಿಂದ ತೊಳೆಯುವ ಶಕ್ತಿ ಹೆಚ್ಚುವುದಿಲ್ಲ, ಕುಗ್ಗುತ್ತದೆ.

ಒಟ್ಟಿನಲ್ಲಿ, ಹುಳಿ ಇರಬೇಕಾದುದು ತಾಮ್ರದ ಪಾತ್ರೆ ತೊಳೆಯುವಾಗ ಮಾತ್ರ. ಕುಡಿಯಲು ಅದರಲ್ಲಿ ಬರೀ ನೀರನ್ನಷ್ಟೇ ಇಡಿ. ನಿಂಬೆ ಶರಬತ್ತು ಬೇಕೆಂದರೆ ಗಾಜಿನ ಇಲ್ಲವೇ ಸ್ಟೀಲಿನ ಲೋಟದಲ್ಲಿ ಮಾಡಿಕೊಳ್ಳಿ.