ಮೇಜಿನ ಮೇಲಿನ ಲೋಟ

ಕರೂರಿನ ನಮ್ಮ ಕೇರಿಯ ಹುಡುಗನೊಬ್ಬ ಅಂಬೇಡ್ಕರ್ ಜಯಂತಿಗೆ ಚಿತ್ರ ಬರೆದ. ಚಿತ್ರದಲ್ಲಿ ಬಾಬಾಸಾಹೇಬರೇ ಇಲ್ಲ! ಒಂದು ಮೇಜು, ಅದರ ಮೇಲೆ ಪೆನ್ನು, ದಪ್ಪ ಪುಸ್ತಕ, ನೀರು ತುಂಬಿದ ಲೋಟ. ಕುರ್ಚಿಯ ಬೆನ್ನಿಗೆ ನೀಲಿ ಕೋಟು. ಡ್ರಾಯಿಂಗ್ ಮಾಸ್ತರರು ಇಂಥದಕ್ಕೆ ‘ಸ್ಟಿಲ್ ಲೈಫ್’ ಅಂತಾರೆ. ಹೂಜಿ, ಹಣ್ಣು ಇಟ್ಟು ಬರೆಸ್ತಾರೆ. ಕೇರಿಯ ಅಜ್ಜನೊಬ್ಬ ನೋಡಿ, “ಸಾಹೇಬ್ರು ಎಲ್ಲಿ ಹೋಗ್ಯಾರೋ ತಮ್ಮಾ?” ಅಂದ.

ಎಲ್ಲೂ ಹೋಗಿಲ್ಲ. ಕೋಟನ್ನೇ ನೋಡಿ. 1921ರಲ್ಲಿ ಗಾಂಧಿ ಮಧುರೆಯಲ್ಲಿ ಅಂಗಿ ಬಿಟ್ಟು ತುಂಡುಪಂಚೆ ಉಟ್ಟರು. ನಾಡು ಕೈಮುಗಿಯಿತು. ಇದ್ದವರು ಬಿಡಬಹುದು. ಅಂಗಿಯೇ ಇಲ್ಲದೆ ಪರರ ಹೊಲದಲ್ಲಿ ದುಡಿದ ನಮ್ಮ ಹಿರಿಯರು ಏನನ್ನು ಬಿಡಬೇಕಿತ್ತು? ಅಂಬೇಡ್ಕರರ ಕೋಟನ್ನು ಶೋಕಿ ಅನ್ನುವ ಬುದ್ಧಿವಂತರಿಗೆ 1917ರ ಬರೋಡ ಗೊತ್ತಿಲ್ಲ. ಕೊಲಂಬಿಯಾದಲ್ಲಿ ಓದಿ ಬಂದ ಅಧಿಕಾರಿಯ ಮೇಜಿಗೆ ಜವಾನರು ದೂರದಿಂದಲೇ ಫೈಲು ಎಸೆಯುತ್ತಿದ್ದರು. ತಂಗಿದ್ದ ಪಾರ್ಸಿ ವಸತಿಗೃಹಕ್ಕೆ ದೊಣ್ಣೆ ಹಿಡಿದವರು ಬಂದು ಹೊರಗಟ್ಟಿದರು. ಕೋಟು ಜಾತಿಯನ್ನು ಮುಚ್ಚಲಿಲ್ಲ. ಆದರೂ ಅವರು ಅದನ್ನು ಬಿಡಲಿಲ್ಲ.

ಪೆನ್ನಿನ ಮಾತು ಎಲ್ಲರಿಗೂ ಗೊತ್ತು. ಪುಸ್ತಕ 1949ರ ನವೆಂಬರ್ 26ರಂದು ಅಂಗೀಕಾರವಾದ ಸಂವಿಧಾನವೇ ಅಂತ ನಾವೆಲ್ಲ ಅಂದೆವು. ಹುಡುಗ ಅದರ ಮೇಲೆ ಹೆಸರು ಬರೆದಿರಲಿಲ್ಲ. ಹೆಬ್ಬೆಟ್ಟು ಒತ್ತಿ ಬದುಕಿದ ಅಜ್ಜ, “ಸಾಲದ ಪುಸ್ತಕ ಇರಬೇಕು ಬಿಡು” ಅಂದು ನಕ್ಕ. ನಮಗೆ ನಗು ಬರಲಿಲ್ಲ.

ಇನ್ನು ಲೋಟ. ಸಾತಾರದ ಶಾಲೆಯಲ್ಲಿ ಬಾಲಕ ಭೀಮ ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ತಿರುಗಿಸಿದರೆ ನೀರು, ಜವಾನ ಬರದಿದ್ದರೆ ಆ ದಿನ ಬಾಯಾರಿಕೆ. ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ಅಂತ 1923ರಲ್ಲೇ ಮುಂಬಯಿ ಶಾಸನಸಭೆ ಠರಾವು ಮಾಡಿತ್ತು. ಠರಾವು ಕಾಗದದಲ್ಲಿತ್ತು, ನೀರು ಕೆರೆಯಲ್ಲಿತ್ತು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಸಾವಿರಾರು ಜನರೊಂದಿಗೆ ನಡೆದು ಅಂಬೇಡ್ಕರ್ ಬೊಗಸೆ ನೀರು ಕುಡಿದರು. ಸವರ್ಣೀಯರು ಹೊಡೆದರು, ಆಮೇಲೆ 108 ಮಡಕೆ ಹಾಲು, ಮೊಸರು, ಸಗಣಿ, ಗಂಜಲ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ಸಗಣಿ ಬಿದ್ದರೆ ಶುದ್ಧ, ನಮ್ಮ ಬೆರಳು ಬಿದ್ದರೆ ಮೈಲಿಗೆ! ಹೈಕೋರ್ಟಿನಲ್ಲಿ ಗೆಲ್ಲಲು 1937ರವರೆಗೆ ಕಾಯಬೇಕಾಯಿತು.

ನಮ್ಮ ಸಿರುಗುಪ್ಪ ಸೀಮೆಗೆ ತುಂಗಭದ್ರೆಯ ಕಾಲುವೆ ಬಂತು, ಭತ್ತ ಬೆಳೆಯಿತು. ನಾಟಿ ಹಚ್ಚಲು ಆ ನೀರಿನಲ್ಲಿ ಮೊಣಕಾಲುದ್ದ ನಿಂತವರು ನಮ್ಮವ್ವಂದಿರು. ಅಜ್ಜನ ಕಾಲಕ್ಕೆ ಹೋಟ್ಲಿನ ಹೊರಗೆ, ಸೂರಿನಡಿ ನಮಗೆ ಬೇರೆ ಲೋಟ. ಕುಡಿದು ನಾವೇ ತೊಳೆದು ಬೋರಲು ಹಾಕಬೇಕು.

ಹುಡುಗ ಅಳುಕಿ, “ಲೋಟ ಅಳಿಸಿ ಅಲ್ಲಿ ಸಾಹೇಬ್ರ ಮುಖ ಬರೀಲೇನಜ್ಜಾ?” ಅಂದ.

ಅಜ್ಜ ಕಣ್ಣು ಕಿರಿದು ಮಾಡಿ ಚಿತ್ರವನ್ನು ಮತ್ತೆ ನೋಡಿದ.

“ಬ್ಯಾಡ. ಲೋಟ ಮೇಜಿನ ಮ್ಯಾಲೇ ಇರ್ಲಿ.”